ಮುಕ್ಕಾಲಪ್ಪನವರ ಐದು ಮುಖದ ಚಿತ್ರ

ಅಟ್ಟ ಎಲ್ಲರ ಮನೆಯಲ್ಲೂ ಇರುತ್ತದೆ. ಆದರೆ ಮುಕ್ಕಾಲಪ್ಪನವರ ಮನೆಯ ಅಟ್ಟದಷ್ಟು ಆಸೆಗಳನ್ನು ಹೊಟ್ಟೆಯಲ್ಲಿಟ್ಟುಕೊಂಡ ಅಟ್ಟ ಇನ್ನೊಂದು ಇರಲಾರದು. ಅಲ್ಲೊಂದು ಒಂಟಿ ತೋಳಿನ ಸ್ವೆಟರ್ ಇತ್ತು. ಒಂಬತ್ತನೆಯ ಪಾಠದವರೆಗೆ ಬೆವರಿನ ಬೆರಳಚ್ಚು ಮೂಡಿ, ಹತ್ತನೆಯದರಿಂದ ಹೊಚ್ಚ ಹೊಸದಾಗಿಯೇ ಉಳಿದ ಪಿಟೀಲು ಪಾಠದ ಪುಸ್ತಕವಿತ್ತು. ಬಿಚ್ಚುವವರೆಗೆ ಸರಿಯಾಗಿಯೇ ನಡೆಯುತ್ತಿದ್ದ ಗೋಡೆ ಗಡಿಯಾರವೊಂದು ಬಿಸ್ಕತ್ತಿನ ಡಬ್ಬಿಯೊಳಗೆ ತಣ್ಣಗೆ ಮಲಗಿತ್ತು. ಹಿಂಬದಿಯ ಹಲಗೆ ಕಾಣದ ಪುಸ್ತಕದ ಕಪಾಟೊಂದು ಗೋಡೆಗೆ ಒರಗಿತ್ತು; ಅದರ ಮೇಲೆ ಸುತ್ತಿಗೆಯೂ ಒಂದು ಡಬ್ಬಿ ಮೊಳೆಯೂ, ನೀರು ಕುಡಿದು ಬರುತ್ತೇನೆಂದು ಎದ್ದುಹೋದ ಮನುಷ್ಯನಿಗಾಗಿ ಆರು ವರ್ಷದಿಂದ ಕಾಯುತ್ತ ಕೂತಿದ್ದವು.

ಆ ಮನುಷ್ಯ ಸೋಮಾರಿಯಲ್ಲ. ಕೆಲಸ ಹಿಡಿದರೆ ಊಟ ನಿದ್ದೆ ಮರೆತು ಹಿಡಿಯುತ್ತಿದ್ದರು. ಮುಕ್ಕಾಲು ಪಾಲು ಮುಗಿಯುತ್ತಲೂ ಮಾತ್ರ, ಮದುವೆ ಮನೆಯಲ್ಲಿ ಊಟಕ್ಕೆ ಮೊದಲೇ ಚಪ್ಪಲಿ ಹುಡುಕುವವರ ಹಾಗೆ, ಮೆಲ್ಲಗೆ ಜಾರಿಕೊಳ್ಳುತ್ತಿದ್ದರು. ಹೆಂಡತಿಯ ಅಣ್ಣ ಇದನ್ನು ಮೂರು ಸಲ ನೋಡಿದರು. ನಾಲ್ಕನೆಯ ಸಲ ‘ಮುಕ್ಕಾಲಪ್ಪ’ ಎಂದು ಕರೆದರು. ಅಲ್ಲಿಂದ ಮುಂದೆ ಹುಟ್ಟುಹೆಸರಿಗೆ ಕೆಲಸವೇ ಇಲ್ಲದಾಯಿತು. ಅಕ್ಕಪಕ್ಕದವರೂ, ಹಾಲಿನವನೂ, ಕಚೇರಿಯ ಸಾಹೇಬರೂ ಅದನ್ನೇ ಹಿಡಿದುಕೊಂಡರು. ಒಮ್ಮೆ ಕರೆಂಟು ಬಿಲ್ಲೂ ಅದೇ ಹೆಸರಿಗೆ ಬಂತು.

ಅವರ ಕಚೇರಿ ಎಂದರೆ ಬಸ್ ಡಿಪೋದ ಹಿಂಭಾಗದಲ್ಲಿದ್ದ ‘ಕಳೆದ ಸಾಮಾನುಗಳ ಕೋಣೆ’. ಜನ ಬಸ್ಸಿನಲ್ಲಿ ಮರೆತ ಕೊಡೆಗಳು, ಒಂಟಿ ಬೂಟುಗಳು, ಒಂದು ಸಲವಂತೂ ನಗುತ್ತಲೇ ಇದ್ದ ಒಂದು ಜೊತೆ ಕಟ್ಟಿಸಿದ ಹಲ್ಲು, ಎಲ್ಲ ಬಂದು ಸೇರುವುದು ಅಲ್ಲಿಗೇ. ಕಳೆದುಕೊಂಡವರು ಕಿಟಕಿಗೆ ಬಂದು ಅಳುಮುಖ ಮಾಡಿ, “ಸಿಗುತ್ತೆ ತಾನೇ ಸಾರ್?” ಎಂದು ಕೇಳುವರು. ಇಪ್ಪತ್ತು ವರ್ಷದಿಂದ ಮುಕ್ಕಾಲಪ್ಪನವರು ಒಂದೇ ಉತ್ತರ ಕೊಡುತ್ತ ಬಂದಿದ್ದರು: “ಆಗದೆ ಏನು? ನೋಡೋಣ.” ಇಲ್ಲ ಎಂದು ಹೇಳಲು ಅವರಿಗೆ ಬಾಯಿಯೇ ಬರುತ್ತಿರಲಿಲ್ಲ. ಈ ಕಥೆಯ ಕಷ್ಟವೆಲ್ಲ ಹುಟ್ಟಿದ್ದು ಈ ಎರಡು ಮಾತಿನಿಂದ.

ಒಂದು ವರ್ಷ ಕಳೆದರೂ ಯಾರೂ ಕೇಳದ ಸಾಮಾನನ್ನು ಸಹಿ ಹಾಕಿ ಮನೆಗೆ ಒಯ್ಯಬಹುದೆಂಬ ನಿಯಮ ಡಿಪೋದಲ್ಲಿತ್ತು. ಹಾಗೆ ಒಂದು ದಿನ ಅವರ ಪಾಲಿಗೆ ಬಂದದ್ದು ಒಂದು ಮರದ ಪೆಟ್ಟಿಗೆ. ಮುಚ್ಚಳ ತೆಗೆದರೆ ಒಳಗೆ ಎಣ್ಣೆ ಬಣ್ಣದ ಟ್ಯೂಬುಗಳು, ಕುಂಚಗಳು, ಟರ್ಪೆಂಟೈನ್ ಸೀಸೆ, ಅಗಸೆ ಎಣ್ಣೆಯ ಸೀಸೆ, ಮತ್ತು ಹಳೆಯ ಚಿತ್ರಗಳ ಒಂದು ಪುಸ್ತಕ. ಪುಸ್ತಕದ ಒಂದು ಹಾಳೆಯ ಮೂಲೆ ಮಡಚಿತ್ತು. ಅಲ್ಲಿ, ಯಾವುದೋ ಕಾಲದ ಯಾವುದೋ ಊರಿನ ಧಾನ್ಯ ಅಳೆಯುವ ಅಧಿಕಾರಿಗಳು ನಾಲ್ವರು, ಎತ್ತರದ ಕರಿ ಟೋಪಿ ಹಾಕಿಕೊಂಡು, ದಪ್ಪ ಬಟ್ಟೆ ಹೊದಿಸಿದ ಮೇಜಿನ ಸುತ್ತ ಗತ್ತಿನಿಂದ ಕೂತಿದ್ದರು. ಅವರ ಹಿಂದೆ ಬರೀ ತಲೆಯಲ್ಲಿ ನಿಂತವನು ಅವರ ಆಳು. ಮುಕ್ಕಾಲಪ್ಪನವರು ಆ ಪುಟವನ್ನು ಎಷ್ಟು ಹೊತ್ತು ನೋಡಿದರೆಂದರೆ, ಕಿಟಕಿಯಲ್ಲಿ ಕೊಡೆ ಕೇಳಲು ಬಂದವನು ಇನ್ನೊಂದು ಹೊಸ ಕೊಡೆ ಕೊಂಡುಕೊಂಡೇ ಮನೆಗೆ ಹೋದ.

ಅಂದು ಸಂಜೆ ಮನೆಯಲ್ಲಿ ಹೆಂಡತಿಯ ಅಣ್ಣ ಬಂದು ಕೂತಿದ್ದರು. ಅವರು ಕಟ್ಟಡದ ಕಂಟ್ರಾಕ್ಟರು. ಹೇಳಿದ ತಾರೀಖಿಗೆ ಬೀಗದ ಕೈ ಕೊಡುವವರು. ಆರಡಿ ಎತ್ತರ, ತಲೆಯ ಮೇಲೆ ಒಂದು ಕೂದಲೂ ಇಲ್ಲ, ಅದನ್ನೂ ಅವರು ಪೂರ್ತಿ ಮುಗಿಸಿದ್ದರು.

“ಏನು ಭಾವನೋರೇ, ಈ ಸಲ ಯಾವುದನ್ನ ತಂದಿದ್ದೀರಿ ಅಟ್ಟಕ್ಕೆ?”

“ಎಣ್ಣೆ ಬಣ್ಣ ಭಾವ. ಮುಖಗಳನ್ನ ಬರೀತೀನಿ,” ಎಂದರು ಮುಕ್ಕಾಲಪ್ಪನವರು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. “ಒಂದಲ್ಲ, ಐದು!”

ಕಂಟ್ರಾಕ್ಟರಿಗೆ ಲೆಕ್ಕ ನಾಲಿಗೆಯ ತುದಿಯಲ್ಲಿ. “ಐದು ಮುಖ... ಅಂದ್ರೆ ಮೂರೂಮುಕ್ಕಾಲು ಬರುತ್ತೆ.”

ಹೊಲಿಗೆ ಯಂತ್ರದ ಮುಂದೆ ಯಾರದೋ ಪ್ಯಾಂಟಿನ ಸೊಂಟ ಬಿಗಿ ಮಾಡುತ್ತಿದ್ದ ಹೆಂಡತಿ ನಗು ತಡೆಯಲು ಹೋಗಿ ಸೂಜಿಗೆ ಬೆರಳು ಚುಚ್ಚಿಸಿಕೊಂಡಳು. ಮುಕ್ಕಾಲಪ್ಪನವರಿಗೆ ಮೈಯೆಲ್ಲ ಉರಿಯಿತು. ಎದುರಿನ ಖಾಲಿ ಗೋಡೆಗೆ ಬೆರಳು ತೋರಿಸಿ, “ಎಂಟು ವಾರ! ಮುಂದಿನ ಸಲ ನೀವು ಬಂದಾಗ ಅಲ್ಲಿ ಚಿತ್ರ ಇರುತ್ತೆ!” ಎಂದುಬಿಟ್ಟರು.

“ಇದ್ರೆ, ಆವತ್ತಿಂದ ನಿಮ್ಮನ್ನ ಹುಟ್ಟುಹೆಸರಿಂದ ಕರೀತೀನಿ. ಇಲ್ದಿದ್ರೆ?”

‘ಇಲ್ದಿದ್ರೆ’ ಏನೆಂಬುದನ್ನು ಹೇಳಿದವಳು ಹೆಂಡತಿ. “ಇಲ್ದಿದ್ರೆ ಪೆಟ್ಟಿಗೆ ಅಟ್ಟಕ್ಕೆ. ಆಮೇಲೆ ಏಣಿನ ನಿನ್ನ ಜೊತೆಗೇ ಕಳಿಸ್ಬಿಡ್ತೀನಿ ಅಣ್ಣ. ಈ ಮನೇಲಿ ಇನ್ನು ಹೊಸದು ಅಂತ ಏನೂ ಶುರುವಾಗಬಾರದು. ನಂಗೂ ಸಾಕಾಗಿದೆ, ಅಟ್ಟಕ್ಕೂ ಸಾಕಾಗಿದೆ.”

ಹೀಗೆ ಗೋಡೆ, ಹೆಸರು, ಏಣಿ ಮೂರೂ ಪಣಕ್ಕೆ ಬಿದ್ದವು.

ಎದುರು ಬೀದಿಯಲ್ಲಿ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಇದ್ದರು. ಮಾತು ಕಡಿಮೆ, ಕೆಮ್ಮು ಜಾಸ್ತಿ. ಪುಸ್ತಕದ ಚಿತ್ರವನ್ನು ಮೂಗಿನ ಹತ್ತಿರ ಹಿಡಿದು ನೋಡಿ, “ಒಳ್ಳೇ ಚಿತ್ರ. ಇದನ್ನೇ ನಕಲು ಮಾಡು. ದೊಡ್ಡೋರ ಚಿತ್ರ ನಕಲು ಮಾಡಿದ್ರೆ ಅವರ ಜೊತೆ ಒಂದು ಸುತ್ತು ವಾಕಿಂಗ್ ಹೋದ ಹಾಗೆ,” ಎಂದರು. ಪುಟದ ಮೇಲೆ ಪೆನ್ಸಿಲಿನಿಂದ ಚೌಕ ಚೌಕ ಗೆರೆ ಎಳೆದು, ಊಟದ ಮೇಜಿನಷ್ಟು ದೊಡ್ಡ ಕ್ಯಾನ್ವಾಸಿನ ಮೇಲೂ ಅಷ್ಟೇ ಚೌಕ ಎಳೆಯಲು ಕಲಿಸಿದರು. ಒಂದೊಂದು ಚೌಕದಲ್ಲಿ ಇರುವುದನ್ನು ಇದ್ದ ಹಾಗೆ ಇಳಿಸುವುದು.

“ಆದ್ರೆ ಮೇಷ್ಟ್ರೇ, ಮುಖಗಳು ಸಾಸಿವೆ ಕಾಳಿನಷ್ಟಿವೆಯಲ್ಲ?”

“ಅದಕ್ಕೆ ಜೀವಂತ ಜನರನ್ನ ಕೂರಿಸ್ಕೋ. ಟೋಪಿ, ಅಂಗಿ ಪುಸ್ತಕದ್ದು. ಮುಖ, ಕೈ ನಿನ್ನ ಸುತ್ತ ಇರೋರ್ದು. ಕಂಡದ್ದನ್ನ ಬರಿ, ಗೊತ್ತಿರೋದನ್ನ ಬರೀಬೇಡ. ಮೊದಲ ಪದರ ತೆಳ್ಳಗೆ, ಟರ್ಪೆಂಟೈನಲ್ಲಿ. ಆಮೇಲಿನದಕ್ಕೆ ಒಂಚೂರು ಎಣ್ಣೆ. ಒಣಗೋ ಮುಂಚೆ ಅದರ ಮೇಲೆ ಇನ್ನೊಂದು ಬಳೀಬೇಡ. ಮುಗಿಯೋವರೆಗೆ ನನಗೆ ತೋರಿಸಬೇಡ. ಹೋಗು.”

ಅಂಥ ಒಳ್ಳೆಯ ಪಾಠವನ್ನು ಮುಕ್ಕಾಲಪ್ಪನವರು ಶ್ರದ್ಧೆಯಿಂದ ಕೇಳಿಸಿಕೊಂಡರು. ಮುಕ್ಕಾಲು ಭಾಗ ನೆನಪಿನಲ್ಲೂ ಇಟ್ಟುಕೊಂಡರು.

ಮೊದಲು ಬಂದು ಕೂತವರು ಮುಕ್ಕಾಲಪ್ಪನವರ ಮನೆಯಿದ್ದ ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿ. ನೀರು ನಿಂತರೂ ನೋಟೀಸು, ನೀರು ಬಂದರೂ ನೋಟೀಸು ಅಂಟಿಸುವ ಮನುಷ್ಯ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಮೀಸೆ ತೀಡಿಕೊಂಡು, “ಯಾರ್ಯಾರು ಇರ್ತಾರೆ ಚಿತ್ರದಲ್ಲಿ?” ಎಂದರು.

“ನಾಲ್ಕು ಜನ ಅಧಿಕಾರಿಗಳು, ಒಬ್ಬ ಆಳು.”

“ನಡುವೆ ಕೂರೋದು ನಾನೇ ತಾನೇ?”

“ಆಗದೆ ಏನು? ನೋಡೋಣ,” ಎಂದರು ಮುಕ್ಕಾಲಪ್ಪನವರು.

ಎರಡನೆಯವರು ಮೂಲೆ ಔಷಧಿ ಅಂಗಡಿಯವರು. ಅವರು ಸುತ್ತು ಬಳಸಿ ಕೇಳಿದರು. “ನೋಡಿ, ನನಗೇನೂ ಆಸೆ ಇಲ್ಲ. ಆದ್ರೆ ಗಿರಾಕಿಗಳು ನೋಡಿದ್ರೆ ಕಣ್ಣು ಮೊದಲು ಬೀಳೋದು ನಡುವಿನವರ ಮೇಲೆ. ಅಂಥ ಕಡೆ ನಂಬಿಕೆಯ ಮುಖ ಇರ್ಬೇಕು.”

“ಆಗದೆ ಏನು?”

ಮೂರನೆಯವರು ಎರಡನೇ ಮಹಡಿಯ ಹಲ್ಲಿನ ಡಾಕ್ಟರಮ್ಮ. ಅವರು ಕರೆಯುವ ಮೊದಲೇ ಬಂದರು. “ಬರೀ ಗಂಡಸರನ್ನೇ ಕೂರಿಸ್ಕೊಂಡ್ರೆ ನಾನು ಸುಮ್ನಿರ್ತೀನಾ? ಟೋಪಿ ಕೊಡಿ ಇಲ್ಲಿ. ನಡುವೆ ನಾನು ಕೂತ್ಕೋತೀನಿ. ಮತ್ತೆ, ಬಾಯಿ ಸ್ವಲ್ಪ ತೆರೆದಿರ್ಲಿ, ಹಲ್ಲು ಕಾಣ್ಬೇಕು.”

“ಆಗದೆ...” ಎನ್ನುವಷ್ಟರಲ್ಲಿ ಡಾಕ್ಟರಮ್ಮ ಅವರ ದವಡೆ ಹಿಡಿದು, “ನಿಮ್ಮದೊಂದು ಹಿಂದಿನ ಹಲ್ಲು ಹೋಗ್ತಾ ಇದೆ,” ಎಂದರು.

ನಾಲ್ಕನೆಯವರು ಡಿಪೋದ ಸಾಹೇಬರು. ಕಳೆದ ಸಾಮಾನುಗಳ ಕೋಣೆಯ ಗುಮಾಸ್ತ ಸಂಜೆ ಬೇಗ ಹೋಗುವುದೇಕೆಂದು ವಿಚಾರಿಸಲು ಮನೆಗೇ ಬಂದವರು, ಕಾರಣ ತಿಳಿದು ತಾವೇ ಕುರ್ಚಿ ಎಳೆದುಕೊಂಡರು. ಅವರು ನಡುವಿನ ವಿಚಾರ ಕೇಳಲೇ ಇಲ್ಲ. ಸಾಹೇಬರು ಕೂತ ಕಡೆಯೇ ನಡು ಎಂದು ಅವರ ನಂಬಿಕೆ.

ಆಳಿನ ಜಾಗಕ್ಕೆ ಮಾತ್ರ ಯಾರೂ ಸಿಗಲಿಲ್ಲ. “ಹಿಂದೆ ನಿಂತ್ಕೋಬೇಕಾ? ಟೋಪಿ ಇಲ್ದೆ?” ಎಂದು ಹಾಲಿನವನೇ ಹಾಲಿನ ಕ್ಯಾನು ಕೆಳಗಿಟ್ಟು ನೊಂದುಕೊಂಡ.

ಮುಖಗಳು ಹೇಗೋ ಕೂತವು, ಕೈಗಳು ಕೂರಲಿಲ್ಲ. ಕಾರ್ಯದರ್ಶಿಗಳ ಕೈ ಮಾತಿನ ಜೊತೆ ಗಾಳಿಯಲ್ಲಿ ಹಾರಾಡುತ್ತಿತ್ತು. ಔಷಧಿ ಅಂಗಡಿಯವರ ಬೆರಳು ಇಲ್ಲದ ಮಾತ್ರೆಗಳನ್ನು ಎಣಿಸಿ ಇಲ್ಲದ ಪೊಟ್ಟಣ ಕಟ್ಟುತ್ತಿತ್ತು. ಸಾಹೇಬರ ಬಲಗೈ ಸುಮ್ಮನಿದ್ದರೆ ತಾನಾಗಿಯೇ ಮೇಜಿನ ಮೇಲೆ ಸಹಿ ಹಾಕುತ್ತಿತ್ತು. ಮುಕ್ಕಾಲಪ್ಪನವರು ಕುಂಚ ಹಿಡಿದು ಬೆಪ್ಪಾಗಿ ನಿಂತದ್ದನ್ನು ನೋಡಲಾರದೆ ಹೆಂಡತಿ ಯಂತ್ರದಿಂದ ಎದ್ದು ಬಂದಳು.

“ಹೂಂ, ಎಲ್ಲಿಡ್ಬೇಕು ಕೈ? ಬೇಗ ಹೇಳಿ. ಇನ್ನೂ ಮೂರು ಅಂಗಿ ಕಾಜಾ ಬಾಕಿ ಇದೆ.”

ಅಂದಿನಿಂದ ದಿನಾ ಸಂಜೆ ಅರ್ಧ ಗಂಟೆ ಆ ಕೈಗಳು ಮೇಜಿನ ಮೇಲೆ ಕೂತವು. ಒಂದು ದಿನ ಪುಸ್ತಕದ ಮೇಲೆ, ಒಂದು ದಿನ ಕುರ್ಚಿಯ ತೋಳಿನ ಮೇಲೆ, ಇನ್ನೊಂದು ದಿನ ಒಂದರ ಮೇಲೊಂದು. ಬೆಳಗಿನಿಂದ ದಾರ, ಗುಂಡಿ, ಕತ್ತರಿ ಎಂದು ಓಡುತ್ತಿದ್ದ ಕೈಗಳು ಸುಮ್ಮನಿರುತ್ತಿದ್ದದ್ದು ಆ ಅರ್ಧ ಗಂಟೆ ಮಾತ್ರ. ಎಡಗೈಯ ಕಿರುಬೆರಳು ತುದಿಯಲ್ಲಿ ಕೊಂಚ ಹೊರಕ್ಕೆ ಬಾಗಿತ್ತು. ಹನ್ನೆರಡು ವರ್ಷ ಸಂಸಾರ ಮಾಡಿದರೂ ಮುಕ್ಕಾಲಪ್ಪನವರು ಅದನ್ನು ಕಂಡಿರಲಿಲ್ಲ. ಈಗ ಕಂಡರು. ಕಂಡದ್ದನ್ನು ಬರಿ ಎಂದು ಮೇಷ್ಟ್ರು ಹೇಳಿದ್ದರಲ್ಲ, ಹಾಗೇ ಬರೆದರು. ಹೆಂಡತಿ ಕೆಲವೊಮ್ಮೆ ಕೂತಲ್ಲೇ ತೂಕಡಿಸುತ್ತಿದ್ದಳು. ಕೈ ಮಾತ್ರ ಅಲ್ಲಾಡುತ್ತಿರಲಿಲ್ಲ. ನಾಲ್ಕು ವಾರದಲ್ಲಿ ಹತ್ತು ಕೈಗಳೂ ಮುಗಿದು, ತೆಳ್ಳಗೆ, ಸರಿಯಾಗಿ ಒಣಗಿದವು. ಆ ಕೈಗಳ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ. ಎಲ್ಲರೂ ನೋಡಲು ಬರುತ್ತಿದ್ದದ್ದು ತಮ್ಮ ತಮ್ಮ ಮುಖವನ್ನು.

ಮೊದಲು ಬಂದವರು ಕಾರ್ಯದರ್ಶಿಗಳು. ಧೂಳು ಕೂರದಿರಲೆಂದು ಹೊದಿಸಿದ್ದ ಹಳೆಯ ಹಾಸಿಗೆ ಬಟ್ಟೆಯನ್ನು ಮುಕ್ಕಾಲಪ್ಪನವರು ಎಳೆದರು. ಅದು ಒಂದು ಕಡೆ ಮೊಳೆಗೆ ಸಿಕ್ಕಿಕೊಂಡು ಅರ್ಧಕ್ಕೇ ನಿಂತಿತು. ಕಂಡಷ್ಟು ಭಾಗದ ನಟ್ಟನಡುವೆ ಕಾರ್ಯದರ್ಶಿಗಳ ಮುಖ! “ಭೇಷ್! ಹೇಳಿದ ಹಾಗೇ ನಡುವೆ ಇಟ್ಟಿದ್ದೀರಿ!” ಎಂದು ಅವರು ಬೆನ್ನು ತಟ್ಟಿದರು.

ಮುಕ್ಕಾಲಪ್ಪನವರ ತಲೆಯಲ್ಲಿ ದೀಪ ಹತ್ತಿದ್ದು ಆಗಲೇ. ಔಷಧಿ ಅಂಗಡಿಯವರು ಬಂದಾಗ ಬಟ್ಟೆಯನ್ನು ಇನ್ನೊಂದು ಮಗ್ಗುಲಿಗೆ ಸರಿಸಿದರು. ಡಾಕ್ಟರಮ್ಮ ಬಂದಾಗ ಎರಡು ಬದಿಯೂ ಇಳಿಬಿಟ್ಟು ನಡುವೆ ಕಿಟಕಿಯ ಹಾಗೆ ತೆರೆದರು. ಸಾಹೇಬರು ಬಂದಾಗಲಂತೂ ಬಟ್ಟೆಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿ, ಅವರ ಮುಖಕ್ಕೆ ಸರಿಯಾಗಿ ದುಂಡನೆಯ ಚೌಕಟ್ಟನ್ನೇ ಮಾಡಿದ್ದರು. ಬಟ್ಟೆಯೊಂದು ಸರಿದಾಡಿ ನಾಲ್ವರನ್ನೂ ನಡುವೆ ಕೂರಿಸಿತು. ಇಷ್ಟು ಜಾಣತನವನ್ನು ಅವರು ಬೇರೆ ಯಾವುದಕ್ಕಾದರೂ ಹಾಕಿದ್ದರೆ ಆ ಗಡಿಯಾರ ಇವತ್ತಿಗೂ ನಡೆಯುತ್ತಿತ್ತು.

ಆದರೆ ನಡು ಸಿಕ್ಕಿದವರು ಅಷ್ಟಕ್ಕೇ ಸುಮ್ಮನಿರುತ್ತಾರೆಯೇ?

“ಮೀಸೆ ಇನ್ನೊಂದಿಷ್ಟು ಹುರಿಗೊಳ್ಳಲಿ,” ಎಂದರು ಕಾರ್ಯದರ್ಶಿಗಳು. ಬಳಿದರು. “ಈಗ ಕಳ್ಳನ ಹಾಗೆ ಕಾಣ್ತೀನಿ, ಸ್ವಲ್ಪ ಇಳಿಸಿ.” ಇಳಿಸಿದರು. ಔಷಧಿ ಅಂಗಡಿಯವರಿಗೆ ಕಣ್ಣ ಕೆಳಗಿನ ಚೀಲ ಬೇಡವಾಯಿತು. ಡಾಕ್ಟರಮ್ಮನಿಗೆ ಎಡ ಕೋರೆಹಲ್ಲು ಒಂದು ಕೂದಲೆಳೆಯಷ್ಟು ಮುಂದೆ ಬಂದಂತೆ ಕಂಡಿತು. ಅದನ್ನು ಸರಿ ಮಾಡಿದ ಮೇಲೆ ಬಲದ್ದು ಹಿಂದೆ ಹೋಯಿತು. ಸಾಹೇಬರ ಗಲ್ಲದ ಕೆಳಗೆ ಇನ್ನೊಂದು ಗಲ್ಲ, ಅದರ ಕೆಳಗೆ ಮತ್ತೊಂದು ಇತ್ತು. “ಇಷ್ಟೊಂದು ಯಾಕ್ರೀ ನನಗೆ? ಒಂದು ಸಾಕು,” ಎಂದರು. ಎರಡು ಗಲ್ಲಗಳನ್ನು ಕರಿ ಕಾಲರಿನಿಂದ ಮುಚ್ಚಲಾಯಿತು. “ಆಗದೆ ಏನು, ಆಗದೆ ಏನು,” ಎನ್ನುತ್ತ ಮುಕ್ಕಾಲಪ್ಪನವರು ಪದರದ ಮೇಲೆ ಪದರ ಬಳಿದರು.

ಇಲ್ಲಿಯೇ ಅವರು ಪಾಠದ ಉಳಿದ ಕಾಲು ಭಾಗವನ್ನು ಮರೆತದ್ದು. ಆಮೇಲಿನ ಪದರಕ್ಕೆ ಒಂಚೂರು ಎಣ್ಣೆ ಎಂದಿದ್ದರಲ್ಲವೇ ಮೇಷ್ಟ್ರು? ಎರಡನೆಯದಕ್ಕೆ ಒಂಚೂರಾದರೆ ಹನ್ನೊಂದನೆಯದಕ್ಕೆ ಹತ್ತು ಚೂರು ಬೇಡವೇ? ಇದು ಅವರ ತರ್ಕ. ಅಗಸೆ ಎಣ್ಣೆಯ ಸೀಸೆ ಬರಿದಾಗಿ ಎರಡನೆಯದು ಬಂತು. ಒಣಗುವುದನ್ನು ಕಾಯಲು ಪುರುಸೊತ್ತಿಲ್ಲ. ಏಳನೆಯ ವಾರದಲ್ಲಿ ಹೆಂಡತಿ ಚಿತ್ರದ ಹತ್ತಿರ ಮೂಗು ತಂದು, “ಏನ್ರೀ ಇದು, ಮುಖಗಳು ಬೆವರ್ತಾ ಇವೆ?” ಎಂದಳು.

“ಜೀವಕಳೆ ಅದು.”

“ಜೀವಕಳೆ ನೆಲದ ಮೇಲೆ ತೊಟ್ಟಿಕ್ಕಿದೆ. ಒರಸಿ.”

ಉಳಿದದ್ದು ಆಳಿನ ಮುಖ. ಕೊನೆಯ ಮೂರು ದಿನ ಮುಕ್ಕಾಲಪ್ಪನವರು ಭೂತಗನ್ನಡಿ ಹಿಡಿದು ಪುಸ್ತಕದ ಸಾಸಿವೆ ಕಾಳನ್ನೇ ನೋಡಿ ನೋಡಿ, ಎತ್ತರದ, ಬರೀ ತಲೆಯ, ಕೊಂಚ ಮಸುಕಾದ ಒಂದು ಮುಖ ಬರೆದು, ಕುಂಚ ಕೆಳಗಿಟ್ಟರು. ಐದು! ಅವರ ಆಯುಸ್ಸಿನಲ್ಲಿ ಮೊಟ್ಟಮೊದಲ ಬಾರಿಗೆ ಒಂದು ಕೆಲಸದಲ್ಲಿ ಮಾಡಲು ಇನ್ನೇನೂ ಉಳಿದಿರಲಿಲ್ಲ. ಭಯವಾಗಿ ಹೋಗಿ ಎರಡು ಲೋಟ ನೀರು ಕುಡಿದರು. ಕುಡಿದು ತಿರುಗಿ ಬಂದರು ಎಂಬುದನ್ನು ಇಲ್ಲಿ ಗಮನಿಸಬೇಕು.

ಅಷ್ಟರಲ್ಲಿ ಮೆಟ್ಟಿಲ ಬಳಿ ನೋಟೀಸು ಅಂಟಿತ್ತು: “ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಂಘದ ಕಾರ್ಯದರ್ಶಿಗಳ ಚಿತ್ರದ ಅನಾವರಣ. ಚಿತ್ರದಲ್ಲಿ ಇತರರೂ ಇರುತ್ತಾರೆ.” ಅದೇ ಭಾನುವಾರ ಹನ್ನೊಂದರ ಬಸ್ಸಿಗೆ ಭಾವ ಬರುವವರಿದ್ದರು.

ಭಾನುವಾರ ಬಿಸಿಲು ಕಿಟಕಿಯಿಂದ ನೇರ ಒಳಗೆ ಬಂದು ಕ್ಯಾನ್ವಾಸಿನ ಮೇಲೆ ಕೂತಿತು. ಹತ್ತಕ್ಕೆ ಬರಬೇಕಾದ ಜನ ಒಬ್ಬರಿಗೊಬ್ಬರು ಕಾದು ಹತ್ತೂಮುಕ್ಕಾಲಿಗೆ ಸೇರಿದರು. ಡಾಕ್ಟರಮ್ಮ ತಮ್ಮ ರೋಗಿಯೊಬ್ಬರನ್ನು ಬಾಯಿಯಲ್ಲಿ ಹತ್ತಿ ಇದ್ದಂತೆಯೇ ಕರೆತಂದಿದ್ದರು. ಮೇಷ್ಟ್ರು ಗೋಡೆಗೊರಗಿ ಕೆಮ್ಮುತ್ತ ನಿಂತರು. ಕಾರ್ಯದರ್ಶಿಗಳು ಸಣ್ಣ ಭಾಷಣ ಮಾಡಿ, ಮುಕ್ಕಾಲಪ್ಪನವರು “ಒಂದು ನಿಮಿಷ, ನಾನೇ ಮೆಲ್ಲಗೆ...” ಎನ್ನುತ್ತಿದ್ದಂತೆಯೇ, ಬಟ್ಟೆಯನ್ನು ಒಂದೇ ಸಲಕ್ಕೆ ಸರ್ರನೆ ಎಳೆದುಬಿಟ್ಟರು.

ಎಲ್ಲರೂ ಕತ್ತು ಮುಂದೆ ಚಾಚಿದರು.

ಎಡಕ್ಕೆ ಇಬ್ಬರು, ಬಲಕ್ಕೆ ಇಬ್ಬರು. ನಟ್ಟನಡುವೆ ಗತ್ತಿನಿಂದ ಕೂತಿದ್ದದ್ದು ಒಂದು ಮಸಿ ಕುಡಿಕೆ.

“ನಾನೆಲ್ಲಿ ನಡುವೆ?” ಎಂದು ನಾಲ್ವರೂ ಒಟ್ಟಿಗೆ ಕೇಳಿದರು. ಕೇಳಿ, ಒಬ್ಬರ ಮುಖ ಒಬ್ಬರು ನೋಡಿದರು.

“ನಿಮಗೂ ಹೇಳಿದ್ರಾ?”

“ನಿಮಗೂನಾ!”

ಅಷ್ಟರಲ್ಲಿ ಬಾಯಿಯಲ್ಲಿ ಹತ್ತಿ ಇದ್ದವರು “ಊಂ! ಊಂ!” ಎಂದು ಚಿತ್ರದ ಕಡೆ ಕೈ ಮಾಡಿದರು. ಬೆಳಗಿನ ಬಿಸಿಲಿಗೆ ಎಣ್ಣೆ ಹದವಾಗಿ ಕರಗಿ, ಮುಖಗಳು ಅವಸರವಿಲ್ಲದೆ ಕೆಳಗಿಳಿಯುತ್ತಿದ್ದವು. ಕಾರ್ಯದರ್ಶಿಗಳ ಮೀಸೆ ಆಗಲೇ ಗಲ್ಲಕ್ಕೆ ಬಂದಿತ್ತು. ಡಾಕ್ಟರಮ್ಮನ ನಗು ಕಾಲರಿನವರೆಗೆ ಹಿಗ್ಗಿತ್ತು. ಔಷಧಿ ಅಂಗಡಿಯವರ ಒಂದು ಕಣ್ಣು ಇನ್ನೊಂದಕ್ಕೆ ಕಾಯದೆ ಮುಂದೆ ಹೋಗಿತ್ತು. ಸಾಹೇಬರು ತೆಗೆಸಿಹಾಕಿದ್ದ ಗಲ್ಲಗಳು ಕಾಲರಿನ ಕೆಳಗಿನಿಂದ ಒಂದೊಂದಾಗಿ ಕೆಲಸಕ್ಕೆ ಹಾಜರಾಗುತ್ತಿದ್ದವು.

“ಏನ್ರೀ ಮುಕ್ಕಾಲಪ್ಪ! ಮೇಲಧಿಕಾರಿನ ಹೀಗಾ ಇಳಿಸೋದು?”

“ನನ್ನ ಕಣ್ಣು! ಅಂಗಡಿಗೆ ಯಾರು ಬರ್ತಾರೆ ಇನ್ನು?”

“ಒಂದು ತಿಂಗಳು ತಿದ್ದಿಸಿದೀನ್ರೀ ಆ ಕೋರೆಹಲ್ಲು!”

“ಸಂಘದಿಂದ ನೋಟೀಸ್ ಕೊಡ್ತೀನಿ!”

ಮುಕ್ಕಾಲಪ್ಪನವರು ಕುಂಚ ಒರೆಸುವ ಬಟ್ಟೆಯಿಂದ ತಮ್ಮ ಮುಖ ಒರೆಸಿಕೊಂಡರು. ಒಂದು ಕಡೆ ಕೆನ್ನೆ ನೀಲಿಯಾಯಿತು. ಅದೇ ಹೊತ್ತಿಗೆ ಬಾಗಿಲಲ್ಲಿ ಸೂಟ್‌ಕೇಸ್ ಕೆಳಗಿಟ್ಟ ಸದ್ದಾಯಿತು.

“ಏನಿದು ಜಾತ್ರೆ?” ಎಂದರು ಭಾವ. ಬಂದವರೇ ಗೋಡೆ ನೋಡಿದರು. ಗೋಡೆ ಖಾಲಿ. ಆಮೇಲೆ ನೆಲದ ಮೇಲೆ ನಿಂತಿದ್ದ ಚಿತ್ರ ನೋಡಿದರು. ಬಹಳ ಹೊತ್ತು ನೋಡಿ, “ಎಲ್ರೂ ಕೂತಿದ್ದಾರೆ. ಇವನೊಬ್ಬನೇ ನಿಂತಿದ್ದಾನಲ್ಲ? ಎಲ್ಲರಿಗಿಂತ ಎತ್ತರ. ತಲೆ ಬೇರೆ ಹೀಗೆ... ಇದು ನಾನಾ?” ಎಂದರು. ಮೆಲ್ಲಗೆ ತಮ್ಮ ತಲೆಯ ಮೇಲೆ ಕೈಯಾಡಿಸಿಕೊಂಡರು.

“ಅದು ಅವರ ಆ...” ಎಂದು ಕಾರ್ಯದರ್ಶಿಗಳು ಬಾಯಿ ತೆಗೆದರು. ಡಾಕ್ಟರಮ್ಮ ಅವರ ಕಾಲು ತುಳಿದರು.

“ಆಗದೆ ಏನು?” ಎಂದರು ಮುಕ್ಕಾಲಪ್ಪನವರು, ಸತ್ತ ದನಿಯಲ್ಲಿ.

ಆಗ ಮೇಷ್ಟ್ರು ಗೋಡೆ ಬಿಟ್ಟು ಮುಂದೆ ಬಂದರು. ಕನ್ನಡಕ ಹಣೆಗೇರಿಸಿ ಮುಖಗಳನ್ನು ಒಂದೊಂದಾಗಿ ನೋಡಿ ಐದು ಸಲ ಕೆಮ್ಮಿದರು. ಆಮೇಲೆ ಬಗ್ಗಿ, ಮೂಗು ಮೇಜಿನ ಮಟ್ಟಕ್ಕೆ ತಂದು, ಕೆಮ್ಮು ನಿಲ್ಲಿಸಿದರು.

“ಈ ಕೈಗಳನ್ನ ಯಾರು ಬರೆದ್ರು?”

“ನಾ... ನಾನೇ ಮೇಷ್ಟ್ರೇ.”

“ಮುಖ ಎಲ್ಲ ಹಾಳು. ಈ ಕೈ ನೋಡು. ಸುಸ್ತಾಗಿರೋ ಕೈ. ಆದ್ರೂ ಅಲ್ಲಾಡದೆ ಕೂತಿದೆ. ನಲವತ್ತು ವರ್ಷ ಪಾಠ ಮಾಡಿದೀನಿ, ಇಂಥ ಕೈ ಒಬ್ಬ ಹುಡುಗನೂ ಬರೆದು ತೋರಿಸ್ಲಿಲ್ಲ.”

ಕೋಣೆಯ ಗಾಳಿ ತಟ್ಟನೆ ತಿರುಗಿತು. “ಬಲಗಡೆಯ ಕೈ ನಂದು,” ಎಂದರು ಸಾಹೇಬರು, ಗಲ್ಲಗಳನ್ನು ಕ್ಷಮಿಸಿ. “ಸಹಿ ಮಾಡೋ ಕೈ, ನೋಡಿದ ತಕ್ಷಣ ಗೊತ್ತಾಗುತ್ತೆ.” “ಪುಸ್ತಕದ ಮೇಲಿರೋದು ನನ್ನದು,” ಎಂದರು ಕಾರ್ಯದರ್ಶಿಗಳು. “ಎಷ್ಟು ನಾಜೂಕು ನೋಡಿ. ಡಾಕ್ಟರ ಕೈ ಅಂದ್ರೆ ಹಾಗೇ,” ಎಂದರು ಡಾಕ್ಟರಮ್ಮ.

ಭಾವ ಮಾತ್ರ ಚಿತ್ರದ ಮುಂದೆ ಮಂಡಿಯೂರಿ ಕೂತಿದ್ದರು. ತೋರುಬೆರಳಿನಿಂದ ಚಿತ್ರ ಮುಟ್ಟದೆ, ಗಾಳಿಯಲ್ಲೇ ಒಂದು ಎಡಗೈಯಿಂದ ಇನ್ನೊಂದು ಎಡಗೈಗೆ ಹೋದರು. ಒಂದು, ಎರಡು, ಮೂರು, ನಾಲ್ಕು, ಐದು. ಐದು ಕಿರುಬೆರಳುಗಳೂ ತುದಿಯಲ್ಲಿ ಒಂದೇ ತರಹ ಹೊರಕ್ಕೆ ಬಾಗಿದ್ದವು.

“ಇದು ನಮ್ಮ ಪುಟ್ಟಿ ಬೆರಳು,” ಎಂದರು, ತಂಗಿಯ ಕಡೆ ತಿರುಗಿ.

ಹೆಂಡತಿ ಅಡುಗೆ ಮನೆಯ ಬಾಗಿಲಲ್ಲಿ ಟೀ ತಟ್ಟೆ ಹಿಡಿದು ನಿಂತಿದ್ದಳು. ಎಲ್ಲರೂ ಚಿತ್ರ ನೋಡಿದರು, ತಟ್ಟೆ ಹಿಡಿದ ಕೈ ನೋಡಿದರು, ಮತ್ತೆ ಚಿತ್ರ ನೋಡಿದರು. ಆಮೇಲೆ ಸಾಹೇಬರು ಮೊದಲಾಗಿ, ಒಬ್ಬೊಬ್ಬರೇ ತಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

“ನನಗಾಗ ಎಂಟು ವರ್ಷ,” ಎಂದರು ಭಾವ, ಯಾರನ್ನೂ ನೋಡದೆ. “ಬಾಗಿಲು ದಢಾರ್ ಅಂತ ಹಾಕ್ದೆ. ಇವಳು ನನ್ನ ಹಿಂದೇನೇ ಓಡಿ ಬರ್ತಿದ್ಲು, ನೋಡ್ಲಿಲ್ಲ. ಅಮ್ಮ ಕೇಳಿದಾಗ ಗಾಳಿಗೆ ಹಾಕ್ಕೊಳ್ತು ಅಂದೆ.”

“ನಾನೂ ಗಾಳಿ ಅಂತಲೇ ಅಂದೆ,” ಎಂದಳು ಹೆಂಡತಿ. “ಟೀ ಆರ್ತಾ ಇದೆ. ತಗೊಳ್ಳಿ ಎಲ್ರೂ.”

ಆ ಟೀಯನ್ನು ಎಲ್ಲರೂ ಬಹಳ ಸೌಮ್ಯವಾಗಿ ಕುಡಿದರು. ಕಾರ್ಯದರ್ಶಿಗಳು ಲೋಟವನ್ನು ತಾವೇ ತೊಳೆದಿಟ್ಟರು. ಅದಕ್ಕೆ ನೋಟೀಸು ಅಂಟಿಸಲಿಲ್ಲ. ಡಾಕ್ಟರಮ್ಮ ಹೋಗುವಾಗ ಹೆಂಡತಿಯ ಬೆರಳು ಹಿಡಿದು ನೋಡಿ, ಹಲ್ಲಾಗಿದ್ದರೆ ತಾನು ಸರಿ ಮಾಡುತ್ತಿದ್ದೆ ಎಂದು ಕೊರಗಿದರು.

ಮುಕ್ಕಾಲಪ್ಪನವರು ಬಾಗಿಲವರೆಗೆ ಮೇಷ್ಟ್ರ ಹಿಂದೆ ಓಡಿದರು. ಅವರಿಗೆ ಬೇಕಾಗಿದ್ದದ್ದು ಒಂದೇ ಮಾತು. “ಮೇಷ್ಟ್ರೇ, ಮುಖ ಕೆಟ್ಟಿದೆ ಅಂದ್ರಿ. ಹಾಗಾದ್ರೆ... ಚಿತ್ರ ಮುಗಿದಿಲ್ಲ ಅಂತಲಾ?”

ಮೇಷ್ಟ್ರು ಒಂದು ಮೆಟ್ಟಿಲು ಇಳಿದು ನಿಂತರು. “ಕೆಟ್ಟಿರೋದು ಬೇರೆ, ಮುಗೀದೆ ಇರೋದು ಬೇರೆ. ಇದು ಕೆಟ್ಟಿದೆ. ಆದ್ರೆ ಮುಗಿದಿದೆ. ಇದನ್ನ ಹಾಗೇ ಬಿಡು. ನಾಳೆ ಹೊಸ ಕ್ಯಾನ್ವಾಸ್ ತಗೊಂಡು ಬಾ, ಎಣ್ಣೆ ಸೀಸೆ ನನ್ನ ಹತ್ರ ಕೊಟ್ಟಿರು.”

ನಾಳೆ! ಮುಕ್ಕಾಲಪ್ಪನವರು ಕೆನ್ನೆ ಇನ್ನಷ್ಟು ನೀಲಿ ಮಾಡಿಕೊಂಡು ಒಳಗೆ ಬಂದರೆ, ಹೆಂಡತಿ ಏಣಿ ಹಿಡಿದು ನಿಂತಿದ್ದಳು.

ಅವರ ಜೀವ ಬಾಯಿಗೆ ಬಂತು. ಗೋಡೆ ಖಾಲಿಯಾಗಿಯೇ ಇತ್ತು. ಭಾವ ಬಂದ ಹೊತ್ತಿಗೆ ಚಿತ್ರ ಗೋಡೆಯ ಮೇಲಿರಬೇಕೆಂಬುದು ಮಾತು. ಇದ್ದದ್ದು ನೆಲದ ಮೇಲೆ. “ಇವಳೇ, ಒಂದು ಮಾತು ಕೇಳು...” ಎನ್ನುವಷ್ಟರಲ್ಲಿ ಅವಳು ಸೆರಗು ಬಿಗಿದು ಅಟ್ಟ ಹತ್ತಿಯಾಗಿತ್ತು. ಮೇಲೆ ಏನೋ ಸರಿಸಿದ ಸದ್ದು. ಡಬ್ಬಿಯೊಳಗಿನ ಗಡಿಯಾರ ಒಂದು ಸಲ ಟಿಂಗ್ ಎಂದಿತು. ಪೆಟ್ಟಿಗೆಗೆ ಜಾಗ ಮಾಡುತ್ತಿದ್ದಾಳೆ ಎಂದುಕೊಂಡು ಮುಕ್ಕಾಲಪ್ಪನವರು ಕುಂಚಗಳನ್ನು ಒಂದೊಂದಾಗಿ ಒರೆಸಿ ಮರದ ಪೆಟ್ಟಿಗೆಯೊಳಗೆ ಮಲಗಿಸತೊಡಗಿದರು.

ಹೆಂಡತಿ ಇಳಿದು ಬಂದಳು. ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದು ಕೈಯಲ್ಲಿ ಮೊಳೆಯ ಡಬ್ಬಿ.

“ಪೆಟ್ಟಿಗೆ ಯಾಕೆ ಮುಚ್ತಿದ್ದೀರಿ? ಬನ್ನಿ ಇಲ್ಲಿ, ಮೊಳೆ ಹೊಡೀರಿ. ನನ್ನ ಕೈನ ಎಷ್ಟು ದಿನ ನೆಲದ ಮೇಲೆ ಇಟ್ಟಿರ್ತೀರಿ?”

ಭಾವ ತಂಗಿಯ ಕಿವಿಯ ಹತ್ತಿರ ಬಗ್ಗಿ, ಪಿಸುದನಿಯಲ್ಲಿ, “ಪುಟ್ಟಿ, ಇವರ ಹುಟ್ಟುಹೆಸರು ಏನೇ?” ಎಂದು ಕೇಳಿದರು. ಅವಳು ಹೇಳಿದಳು. ಅವರು ಅದನ್ನು ಎರಡು ಸಲ ಬಾಯಲ್ಲೇ ಅಂದುಕೊಂಡು ಅಭ್ಯಾಸ ಮಾಡಿದರು.

ಮುಕ್ಕಾಲಪ್ಪನವರು ಏಣಿಯ ಮೂರನೆಯ ಮೆಟ್ಟಿಲ ಮೇಲೆ ನಿಂತು ಸುತ್ತಿಗೆ ಎತ್ತಿದರು. ಆರು ವರ್ಷ ಕಾದಿದ್ದ ಮೊಳೆ ಗೋಡೆಗೆ ಇಳಿಯಿತು. ಅವರಿಗೋ ಇವತ್ತು ಯಾವುದನ್ನೂ ಬಾಕಿ ಉಳಿಸುವ ಮನಸ್ಸಿಲ್ಲ. ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಇನ್ನೊಂದು ಏಟು, ಮತ್ತೊಂದು ಏಟು, ತಲೆಯವರೆಗೂ ಹೊಡೆದೇ ತೀರುತ್ತೇನೆಂದು ಸುತ್ತಿಗೆ ಬೀಸಿದರು.

“ಅಯ್ಯೋ, ನಿಲ್ಸಿ! ನಿಲ್ಸೀಂದ್ರೆ!” ಎಂದು ಕೆಳಗಿನಿಂದ ಹೆಂಡತಿ ಕೂಗಿದಳು. “ಪೂರ್ತಿ ಹೊಡೆದ್ರೆ ಚಿತ್ರ ಯಾವುದಕ್ಕೆ ತೂಗುಹಾಕ್ತೀರಿ? ಮುಕ್ಕಾಲಿಗೇ ಬಿಡಿ!”